ಜಾಹೀರಾತು ಇಲ್ಲದ ಜಾಲತಾಣ: ಖರ್ಚು ಯಾರದು?

(ದಾವಣಗೆರೆಯ ಕಾಲೇಜೊಂದರ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ, ಅದೂ ಈ ಬಿಸಿಲಲ್ಲಿ, ಇಷ್ಟೊಂದು ಜನ ಬಂದಿದ್ದೀರಿ. ಮಾಸ್ಟೋಡಾನ್ ಹೆಸರು ಕೇಳಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಮುಂದಿನ ಸಾಲಿನಲ್ಲಿ ಒಂದಷ್ಟು ಕೈ ಕಾಣುತ್ತಿದೆ, ಹಿಂದೆ ಇಲ್ಲವೇ ಇಲ್ಲ. ಸರಿ, ಮೊದಲಿಂದಲೇ ಹೇಳುತ್ತೇನೆ.

ಮಾಸ್ಟೋಡಾನ್ ಒಂದು ಸೋಶಿಯಲ್ ಮೀಡಿಯಾ. ನೋಡೋಕೆ ಹಳೆಯ ಟ್ವಿಟರ್ ಥರ ಇದೆ. ಸಾಮಾನ್ಯವಾಗಿ ಒಂದು ಪೋಸ್ಟ್‌ಗೆ 500 ಅಕ್ಷರ. ಫೋಟೊ ಹಾಕಬಹುದು, ಹ್ಯಾಶ್‌ಟ್ಯಾಗ್ ಹಾಕಬಹುದು, ಹಿಡಿಸಿದ್ದನ್ನು ಮುಂದಕ್ಕೆ ಹಂಚಬಹುದು. ಜರ್ಮನಿಯ ಯೂಜೆನ್ ರೋಚ್ಕೊ ಅನ್ನೋ ಹುಡುಗ 2016ರಲ್ಲಿ ಇದನ್ನು ಶುರು ಮಾಡಿದ. ನಮ್ಮ ದೇಶದಲ್ಲಿ ಇದರ ಹೆಸರು ಜೋರಾಗಿ ಕೇಳಿಸಿದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತ್ತು. ಅದರಿಂದ ಬೇಸತ್ತ ಬಹಳ ಜನ ಆಗ ಮಾಸ್ಟೋಡಾನ್ ಕಡೆ ಹೋದರು. 2022ರ ಅಕ್ಟೋಬರ್ ಕೊನೆಗೆ ಇಲಾನ್ ಮಸ್ಕ್ 4,400 ಕೋಟಿ ಡಾಲರ್‌ಗೆ ಟ್ವಿಟರ್ ಕೊಂಡಾಗ ಮತ್ತೆ ಜನ ನುಗ್ಗಿದರು. ತಿಂಗಳಿಗೆ ಬಳಸುವವರ ಸಂಖ್ಯೆ 25 ಲಕ್ಷ ಮುಟ್ಟಿತು. ಆಮೇಲೆ ಅವರಲ್ಲಿ ತುಂಬಾ ಜನ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅನ್ನೋದನ್ನೂ ಹೇಳುತ್ತೇನೆ.

ಹೊರಗಿನವರಿಗೆ ಹಳೆಯದಾದರೂ ನಮ್ಮೂರಿಗೆ ಇದು ಹೊಸದು. ನಾನೂ ನನ್ನ ಕೆಲವು ವಿದ್ಯಾರ್ಥಿಗಳೂ ಈಚೆಗೆ ಬಳಸೋಕೆ ಶುರು ಮಾಡಿದ್ದೇವೆ. ಅದರ ಮೊದಲ ಅನಿಸಿಕೆ ಹೇಳೋಕೆ ಇವತ್ತು ನಿಂತಿದ್ದೇನೆ. ಇದರಲ್ಲಿ ಕಂಪನಿ ತಂದು ತುರುಕುವ ಜಾಹೀರಾತು ಇಲ್ಲ. ಅದಕ್ಕೇ ಹೋದೆವು. ಹೋದ ಮೇಲೆ ಗೊತ್ತಾಗಿದ್ದು, ಜಾಹೀರಾತು ತೆಗೆದರೆ ಜಾಗದ ಸ್ವಭಾವವೇ ಬೇರೆ ಆಗುತ್ತದೆ ಅಂತ. ಹಾಗೇ, ಅದರ ಖರ್ಚು ಯಾರೋ ಕೊಡುತ್ತಿದ್ದಾರೆ. ಆ ಯಾರೋ ಅನ್ನೋದು ನಾವೇ ಆಗಬೇಕು ಅಂತ ನನಗೆ ಬಲವಾಗಿ ಅನಿಸಿದೆ.

ಜಾಹೀರಾತಿನ ಮಾತು ಮೊದಲು. ಚೌಕಿಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಪರಿಚಯದವರೊಬ್ಬರು ಕೆಲವು ವರ್ಷದ ಹಿಂದೆ ಶ್ರಾವಣಕ್ಕೆ ಅಂತ ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಡುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಮೊದಲು ಊರು ಕೇಳಿತು. ದಾವಣಗೆರೆ ಅಂತ ಹಾಕಿದರು. ಸುತ್ತ ಎಷ್ಟು ಕಿಲೋಮೀಟರ್ ಅಂತ ಕೇಳಿತು. ಹರಿಹರ, ಜಗಳೂರು ಎರಡೂ ಬರೋ ಹಾಗೆ ನಕ್ಷೆಯ ಮೇಲಿನ ಸುತ್ತನ್ನು ದೊಡ್ಡದು ಮಾಡಿದರು. ಆಮೇಲೆ ವಯಸ್ಸು, ಗಂಡಸರೋ ಹೆಂಗಸರೋ. ಆಮೇಲೆ ಆಸಕ್ತಿ: ಮದುವೆ, ಒಡವೆ, ರೇಷ್ಮೆ ಸೀರೆ. ಇನ್ನೂ ಕೆಳಗೆ ಹೋದರೆ ಈಚೆಗೆ ನಿಶ್ಚಿತಾರ್ಥ ಆದವರು ಅಂತಲೂ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದ ಕೂಡಲೇ ಪಕ್ಕದಲ್ಲಿ ಸುಮಾರು ಇಷ್ಟು ಜನಕ್ಕೆ ತಲುಪುತ್ತದೆ ಅನ್ನೋ ಅಂದಾಜು ಬದಲಾಯಿತು.

ಅಂಗಡಿಯವರದ್ದು ಇದರಲ್ಲಿ ಏನೂ ತಪ್ಪಿಲ್ಲ. ಸೀರೆ ಮಾರೋದು ಅವರ ಕೆಲಸ, ಕೊಳ್ಳುವವರನ್ನು ಹುಡುಕುತ್ತಾರೆ. ನನ್ನ ಮನಸ್ಸು ಹೋಗಿದ್ದು ಆ ಅಂದಾಜಿನ ಒಳಗೆ ಇದ್ದ ಹುಡುಗಿಯ ಕಡೆ. ಜಗಳೂರಿನಲ್ಲೋ ಹರಿಹರದಲ್ಲೋ ಇರುವ ಅವಳು ನಿಶ್ಚಿತಾರ್ಥದ ಫೋಟೊ ಹಾಕಿದ್ದು ಗೆಳತಿಯರು ನೋಡಲಿ ಅಂತ. ಆ ಸಂತೋಷದ ಸುದ್ದಿ ಚೌಕಿಪೇಟೆಯ ಅಂಗಡಿಯಲ್ಲಿ ಒಂದು ಬಟನ್ ಆಗಿ ಕೂತಿತ್ತು. ಅವಳನ್ನು ಯಾರೂ ಕೇಳಿರಲಿಲ್ಲ.

ಜಾಹೀರಾತು ನಮಗೆ ಹೊಸದಲ್ಲ, ಅಲ್ವಾ? ನಮ್ಮೂರಿನ ಪತ್ರಿಕೆಗಳು ಬದುಕಿರೋದೇ ಅದರಿಂದ. ಶ್ರದ್ಧಾಂಜಲಿ, ಅಭಿನಂದನೆ, ಹೊಸ ಹೋಟೆಲ್ ಪ್ರಾರಂಭ, ಟ್ಯೂಷನ್ ಕ್ಲಾಸ್. ಓದುತ್ತೇವೆ, ಬೇಡ ಅಂದರೆ ಪುಟ ತಿರುಗಿಸುತ್ತೇವೆ. ಆದರೆ ಆ ಜಾಹೀರಾತು ನಮ್ಮನ್ನು ತಿರುಗಿ ನೋಡುತ್ತಿರಲಿಲ್ಲ. ನಾವು ಯಾವ ಪುಟದ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟೆವು ಅಂತ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಈಗಿನ ಫೋನಿನ ಜಾಹೀರಾತು ಅದನ್ನೇ ಮಾಡುತ್ತದೆ. ಫೇಸ್‌ಬುಕ್ಕಿನ ಒಡೆಯ ಕಂಪನಿ ಮೆಟಾ 2024ರಲ್ಲಿ ಗಳಿಸಿದ್ದು ಸುಮಾರು 16,450 ಕೋಟಿ ಡಾಲರ್. ಅದರಲ್ಲಿ 16,000 ಕೋಟಿಗೂ ಜಾಸ್ತಿ ಬಂದಿದ್ದು ಜಾಹೀರಾತಿನಿಂದ. ನೂರು ರೂಪಾಯಿ ಬಂದರೆ ತೊಂಬತ್ತೇಳಕ್ಕೂ ಹೆಚ್ಚು ಜಾಹೀರಾತಿನದ್ದು ಅಂತಾಯಿತು.

ಅಷ್ಟು ದುಡ್ಡು ಬರಬೇಕಾದರೆ ನಾವು ಅಲ್ಲಿ ಜಾಸ್ತಿ ಹೊತ್ತು ಕೂತಿರಬೇಕು. ಕೂತಿರಬೇಕಾದರೆ ಎದ್ದು ಹೋಗೋಕೆ ಬಿಡಬಾರದು. ಯಾರ ಪೋಸ್ಟ್ ಮೇಲೆ ಬರಬೇಕು, ಯಾರದ್ದು ಕೆಳಗೆ ಹೋಗಬೇಕು, ಯಾವ ವಿಡಿಯೊ ಮುಗಿದ ಮೇಲೆ ಯಾವುದು ತಾನಾಗಿ ಶುರುವಾಗಬೇಕು, ಎಲ್ಲವೂ ಈ ಲೆಕ್ಕದ ಮೇಲೆ ನಿಂತಿದೆ. ಊಟದ ತಟ್ಟೆ ಮುಂದೆ ಇಟ್ಟುಕೊಂಡು ಫೋನ್ ಉಜ್ಜುತ್ತಾ ಕೂತ ಮಗನಿಗೆ ಅಮ್ಮ ಬೈಯುತ್ತಾರೆ. ಆ ಹುಡುಗನನ್ನು ಅಲ್ಲೇ ಕೂರಿಸೋದಕ್ಕೆ ಅಂತಲೇ ಸಾವಿರಾರು ಎಂಜಿನಿಯರ್‌ಗಳು ಸಂಬಳ ತಗೊಂಡು ಕೆಲಸ ಮಾಡುತ್ತಿದ್ದಾರೆ. ಬೈಗುಳ ಅವನೊಬ್ಬನಿಗೇ ಬೀಳೋದು ನ್ಯಾಯ ಅಲ್ಲ.

ಈಗ ಮಾಸ್ಟೋಡಾನ್ ಒಳಗೆ ಹೋಗೋಣ.

ಖಾತೆ ತೆರೆಯುವಾಗಲೇ ಒಂದು ಗೊಂದಲ ಎದುರಾಗುತ್ತದೆ. ಯಾವ ಸರ್ವರ್ ಅಂತ ಕೇಳುತ್ತದೆ. ಸರ್ವರ್ ಅಂದರೆ ನಮ್ಮ ಖಾತೆ, ಪೋಸ್ಟ್ ಎಲ್ಲ ಇಟ್ಟುಕೊಳ್ಳುವ ಕಂಪ್ಯೂಟರ್. ಬಂದವರಲ್ಲಿ ಎಷ್ಟೋ ಜನ ಇಲ್ಲೇ ವಾಪಸ್ ಹೋಗಿಬಿಡುತ್ತಾರೆ. ಇಮೇಲ್ ನೆನಪಿಸಿಕೊಳ್ಳಿ. ನಿಮ್ಮದು ಜಿಮೇಲ್, ನಿಮ್ಮ ಗೆಳೆಯನದ್ದು ಯಾಹೂ. ಆದರೂ ಪತ್ರ ಹೋಗುತ್ತದೆ, ಬರುತ್ತದೆ. ಇಲ್ಲೂ ಹಾಗೇ. ಸಾವಿರಾರು ಸರ್ವರ್‌ಗಳಿವೆ. ಒಂದೊಂದನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಸಂಘಗಳು ನಡೆಸುತ್ತಾರೆ. ನೀವು ಯಾವುದರಲ್ಲಿದ್ದರೂ ಇನ್ನೊಂದರಲ್ಲಿ ಇರುವವರ ಜೊತೆ ಮಾತಾಡಬಹುದು. ಇದಕ್ಕೆ ಆಕ್ಟಿವಿಟಿಪಬ್ ಅನ್ನೋ ಒಪ್ಪಿತ ನಿಯಮಾವಳಿ ಇದೆ. ವೆಬ್‌ನ ನಿಯಮಗಳನ್ನು ನೋಡಿಕೊಳ್ಳುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಮುದ್ರೆ ಒತ್ತಿತು. ಇಷ್ಟು ಗೊತ್ತಾದರೆ ಸಾಕು. ಯಾವುದೋ ಒಂದನ್ನು ಆರಿಸಿ ಒಳಗೆ ಹೋಗಿ. ಆಮೇಲೆ ಬೇಕಾದರೆ ಬದಲಾಯಿಸಬಹುದು, ನಿಮ್ಮನ್ನು ಹಿಂಬಾಲಿಸುವವರೂ ನಿಮ್ಮ ಜೊತೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಮಾತ್ರ ಅಲ್ಲೇ ಉಳಿಯುತ್ತವೆ.

ಒಳಗೆ ಹೋದರೆ ಮುಖಪುಟ ಖಾಲಿ. ಮೊದಲ ಸಲ ನೋಡಿದವರಿಗೆ ಏನೋ ಕೆಟ್ಟಿದೆ ಅನಿಸುತ್ತದೆ. ಏನೂ ಕೆಟ್ಟಿಲ್ಲ. ನೀವು ಯಾರನ್ನು ಆರಿಸುತ್ತೀರೋ ಅವರ ಮಾತು ಬರುತ್ತದೆ, ಅವರು ಹಂಚಿದ್ದು ಬರುತ್ತದೆ, ನೀವು ಕೇಳಿಕೊಂಡ ಹ್ಯಾಶ್‌ಟ್ಯಾಗ್ ಬರುತ್ತದೆ. ಬಿಟ್ಟರೆ ಇನ್ನೇನೂ ಬರಲ್ಲ. ಹೊಸದು ಮೇಲೆ, ಹಳೆಯದು ಕೆಳಗೆ. ಅಲ್ಲಿ ಯಾರೂ ಕೂತು ನಿಮಗಾಗಿ ಕಲಸಿ ಬಡಿಸುವುದಿಲ್ಲ. ನಾನು ಓದುತ್ತಾ ಕೆಳಗೆ ಹೋದೆ. ಸ್ವಲ್ಪ ಹೊತ್ತಿಗೆ ನಿನ್ನೆ ಓದಿದ ಪೋಸ್ಟ್ ಸಿಕ್ಕಿತು. ಅಂದರೆ ಓದಿ ಮುಗಿಯಿತು! ಫೋನ್ ಪಕ್ಕಕ್ಕಿಟ್ಟು ಬೇರೆ ಕೆಲಸಕ್ಕೆ ಎದ್ದೆ. ಸೋಶಿಯಲ್ ಮೀಡಿಯಾ ಓದಿ ಮುಗಿಯುತ್ತದೆ ಅನ್ನೋದನ್ನು ನಾನು ಮರೆತೇಹೋಗಿದ್ದೆ. ನಿಮ್ಮಲ್ಲಿ ಚಿಕ್ಕವರಿಗಂತೂ ಅಂಥ ಅನುಭವವೇ ಇರಲಿಕ್ಕಿಲ್ಲ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತುಂಬಾ ಹಿಡಿಸಿತು. ನಮ್ಮ ಒಬ್ಬ ವಿದ್ಯಾರ್ಥಿನಿ ಗಾಜಿನ ಮನೆಯ ಫೋಟೊ ಹಾಕಿದ್ದಳು. ಯಾರೋ ಪರಿಚಯ ಇಲ್ಲದವರು ಬಂದು, ಚಿತ್ರ ಚೆನ್ನಾಗಿದೆ, ಕಣ್ಣು ಕಾಣದವರಿಗೂ ತಿಳಿಯೋ ಹಾಗೆ ಎರಡು ಸಾಲು ವಿವರಣೆ ಸೇರಿಸುತ್ತೀರಾ ಅಂತ ಕೇಳಿದರು. ಫೋಟೊ ಜೊತೆ ವಿವರಣೆ ಬರೆಯೋಕೆ ಅಲ್ಲೇ ಜಾಗ ಇದೆ. ಅಂಧರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಅವಳು ಕನ್ನಡದಲ್ಲೇ ಬರೆದಳು: "ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆ. ಸಂಜೆ ಬಿಸಿಲು ಗಾಜಿನ ಮೇಲೆ ಬಿದ್ದಿದೆ. ಮುಂದೆ ಇಬ್ಬರು ಮಕ್ಕಳು ಐಸ್‌ಕ್ಯಾಂಡಿ ತಿನ್ನುತ್ತಿದ್ದಾರೆ, ಒಬ್ಬನ ಅಂಗಿ ಮೇಲೆ ಅದು ಸೋರಿದೆ." ಬರೆಯೋಕೆ ಕೂತಾಗಲೇ ಆ ಅಂಗಿ ನನ್ನ ಕಣ್ಣಿಗೆ ಬಿದ್ದಿದ್ದು ಸಾರ್ ಅಂದಳು. ಈ ಅನುಕೂಲ ಫೇಸ್‌ಬುಕ್‌ನಲ್ಲೂ ಇದೆ, ಬೇರೆ ಕಡೆಯೂ ಇದೆ. ಆದರೆ ಬಳಸೋ ಪದ್ಧತಿ ಇಲ್ಲಿ ಜಾಸ್ತಿ. ಯಾವ ಕಂಪನಿಯೂ ಹೇಳಿಕೊಟ್ಟದ್ದಲ್ಲ, ಜನ ಜನಕ್ಕೆ ಹೇಳಿ ಬೆಳೆಸಿದ ಪದ್ಧತಿ.

ಲೈಕ್‌ಗಳ ಲೆಕ್ಕವನ್ನೂ ಅದು ಮುಖಕ್ಕೆ ಹಿಡಿಯುವುದಿಲ್ಲ. ಪೋಸ್ಟ್ ತೆರೆದು ನೋಡಿದರೆ ಸಂಖ್ಯೆ ಕಾಣುತ್ತದೆ, ಬ್ರೌಸರ್‌ನಲ್ಲಿ ಸುಮ್ನೆ ಓದುತ್ತಾ ಹೋದರೆ ಕಾಣಲ್ಲ. ಸಣ್ಣ ವಿಷಯ. ಆದರೆ ಒಂದು ಮಾತನ್ನು ಅದಕ್ಕೆ ಎಷ್ಟು ಲೈಕ್ ಬಿದ್ದಿದೆ ಅಂತ ನೋಡದೆ ಓದೋದು ಬೇರೆ ಥರಾನೇ ಇರುತ್ತದೆ.

ಕೊರತೆಗಳೂ ಇವೆ. ದೊಡ್ಡ ಕೊರತೆ ಅಂದರೆ ಜನ. ಕನ್ನಡದವರು ಬೆರಳೆಣಿಕೆಯಷ್ಟು ಸಿಗುತ್ತಾರೆ. ನಿಮ್ಮ ಚಿಕ್ಕಪ್ಪ ಇಲ್ಲ, ನಿಮ್ಮ ಮೇಷ್ಟ್ರು ಇಲ್ಲ. ಮೆಕ್ಕೆಜೋಳದ ಧಾರಣೆ ಹಾಕುವವರು ಇಲ್ಲ, ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರೂ ಇಲ್ಲ. ಬಂದವರು ನಿಲ್ಲದಿರೋದಕ್ಕೆ ಮುಖ್ಯ ಕಾರಣ ಇದೇ. ಇನ್ನೊಂದನ್ನು ಹೆಣ್ಣುಮಕ್ಕಳು ಮುಖ್ಯವಾಗಿ ಗಮನಿಸಬೇಕು. ಅಲ್ಲಿ ಒಬ್ಬರಿಗೊಬ್ಬರು ಕಳಿಸುವ ಖಾಸಗಿ ಸಂದೇಶಕ್ಕೆ ಬೀಗ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಗುಟ್ಟಿನ ಮಾತು ಅಲ್ಲಿ ಬರೆಯಬೇಡಿ. ಅದಕ್ಕೆ ಸಿಗ್ನಲ್ ಅನ್ನೋ ಮೆಸೇಜ್ ಆ್ಯಪ್ ಇದೆ.

ಈಗ ದುಡ್ಡಿನ ವಿಷಯ. ಜಾಹೀರಾತು ಹಾಕಲ್ಲ ಅಂತ ಮಾತು ಕೊಟ್ಟವರು ಇದಕ್ಕೆ ಮೊದಲೂ ಇದ್ದರು. ನಾವೆಲ್ಲ ದಿನಾ ಬಳಸುವ ವಾಟ್ಸಾಪ್ ಅಂಥದ್ದೇ ಒಂದು. 2009ರಲ್ಲಿ ಜಾನ್ ಕೂಮ್ ಮತ್ತು ಬ್ರಯಾನ್ ಆಕ್ಟನ್ ಅದನ್ನು ಕಟ್ಟಿದರು. ಜಾಹೀರಾತು ಬೇಡವೇ ಬೇಡ ಅನ್ನೋದು ಅವರ ಹಠ. ವರ್ಷಕ್ಕೆ ಒಂದು ಡಾಲರ್ ಕೊಡಿ ಸಾಕು ಅಂದರು. 2014ರಲ್ಲಿ ಫೇಸ್‌ಬುಕ್ ಅದನ್ನು 1,900 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. 2016ರಲ್ಲಿ ಆ ಒಂದು ಡಾಲರ್ ಕೂಡ ಬೇಡ ಅಂದರು, ನಾವು ಖುಷಿಪಟ್ಟೆವು. ಕಟ್ಟಿದ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೊರಗೆ ಹೋದರು. 2025ರ ಜೂನ್‌ನಲ್ಲಿ ವಾಟ್ಸಾಪ್ ಸ್ಟೇಟಸ್ ನಡುವೆ ಜಾಹೀರಾತು ಬರುತ್ತದೆ ಅಂತ ಕಂಪನಿ ಪ್ರಕಟಿಸಿತು. ಆಕ್ಟನ್ ಮಾತ್ರ ತಮ್ಮ ಹಳೆಯ ಹಠ ಬಿಡಲಿಲ್ಲ. 2018ರಲ್ಲಿ 5 ಕೋಟಿ ಡಾಲರ್ ಹಾಕಿ ಸಿಗ್ನಲ್ ಪ್ರತಿಷ್ಠಾನ ಶುರುವಾಗಲು ಕಾರಣರಾದರು. ಆಗಲೇ ಹೇಳಿದ ಸಿಗ್ನಲ್ ಅದೇ.

ಎಲೋ ಅಂತ ಇನ್ನೊಂದಿತ್ತು. 2014ರಲ್ಲಿ ಬಂತು. ನೀವು ಮಾರಾಟದ ಸರಕಲ್ಲ ಅನ್ನೋದೇ ಅದರ ಘೋಷಣೆ. ಒಳಗೆ ಹೋಗೋಕೆ ಆಹ್ವಾನ ಬೇಕಿತ್ತು, ಜನ ಅದಕ್ಕಾಗಿ ಮುಗಿಬಿದ್ದರು. ಆದರೆ ಅದು ಶುರುವಾಗಿದ್ದೇ ಹೂಡಿಕೆದಾರರ 4,35,000 ಡಾಲರ್ ದುಡ್ಡಿನಿಂದ. ಹೂಡಿದವರು ಒಂದು ದಿನ ಲಾಭ ಕೇಳಿಯೇ ಕೇಳುತ್ತಾರಲ್ಲ ಅಂತ ಆಗಲೇ ಕೆಲವರು ಎಚ್ಚರಿಸಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ಕಾನೂನಿನ ಪ್ರಕಾರವೇ ತಮ್ಮನ್ನು ಕಟ್ಟಿಹಾಕಿಕೊಂಡರು: ಜಾಹೀರಾತು ಮಾರಲ್ಲ, ಬಳಕೆದಾರರ ಮಾಹಿತಿಯನ್ನೂ ಮಾರಲ್ಲ ಅಂತ. ಜೊತೆಗೆ ಇನ್ನೂ 55 ಲಕ್ಷ ಡಾಲರ್ ಹೂಡಿಕೆ ತಂದರು. ಆದರೂ ಜನ ಬಹಳ ಕಾಲ ನಿಲ್ಲಲಿಲ್ಲ. ಮುಂದೆ ಅದು ಕಲಾವಿದರ ತಾಣವಾಯಿತು, ಬೇರೆಯವರ ಕೈಗೆ ಹೋಯಿತು, 2023ರಲ್ಲಿ ಮುಚ್ಚಿಯೇ ಹೋಯಿತು. ವರ್ಷಗಟ್ಟಲೆ ಅಲ್ಲಿ ಚಿತ್ರ ಹಾಕಿದ್ದ ಕಲಾವಿದರ ಗತಿ ಏನಾಗಿರಬೇಕು, ಯೋಚನೆ ಮಾಡಿ.

ಈ ಎರಡು ಕಥೆಯಲ್ಲೂ ಮಾತು ಕೊಟ್ಟವರು ಪ್ರಾಮಾಣಿಕರೇ. ಆದರೆ ದುಡ್ಡಿನ ಕೀಲಿ ಬೇರೆಯವರ ಕೈಯಲ್ಲಿತ್ತು. ಹಾಗಾಗಿ ಹೊಸದೊಂದು ತಾಣ ಬಂದು ನಮ್ಮಲ್ಲಿ ಜಾಹೀರಾತು ಇಲ್ಲ ಅಂದಾಗ, ಬಾಡಿಗೆ ಯಾರು ಕಟ್ಟುತ್ತಿದ್ದಾರೆ ಅಂತ ಮೊದಲು ವಿಚಾರಿಸಿ.

ಮಾಸ್ಟೋಡಾನ್‌ನಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ, ಯಾಕೆಂದರೆ ಅದಕ್ಕೆ ಒಬ್ಬನೇ ಯಜಮಾನ ಇಲ್ಲ. ತಂತ್ರಾಂಶ ಉಚಿತ, ಅದರ ಕೋಡ್ ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು. ರೋಚ್ಕೊ ಶುರುವಿನಿಂದಲೂ ಬಳಕೆದಾರರ ದೇಣಿಗೆಯಿಂದ ಕೆಲಸ ಮಾಡಿದರು. ತಂತ್ರಾಂಶ ಬೆಳೆಸುವ ಅವರ ತಂಡ 2021ರಲ್ಲಿ ಜರ್ಮನಿಯಲ್ಲಿ ಲಾಭದ ಉದ್ದೇಶ ಇಲ್ಲದ ಸಂಸ್ಥೆಯಾಗಿ ನೋಂದಣಿ ಆಯಿತು. 2024ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಆ ಮಾನ್ಯತೆಯನ್ನು ವಾಪಸ್ ಪಡೆಯಿತು. ಅದರಿಂದ ಕೆಲಸವೇನೂ ನಿಲ್ಲಲಿಲ್ಲ. ಆದರೆ ದೇಣಿಗೆ ಮೇಲೆ ಬದುಕೋದು ಸಲೀಸಲ್ಲ ಅನ್ನೋದು ಗೊತ್ತಾಗುತ್ತದೆ. ಸರ್ವರ್ ನಡೆಸುವವರಲ್ಲಿ ಕೆಲವರು ಸ್ವಂತ ಜೇಬಿನಿಂದ ಹಾಕುತ್ತಾರೆ, ಕೆಲವರು ಸದಸ್ಯರಿಂದ ವಂತಿಗೆ ಎತ್ತುತ್ತಾರೆ. ಕೈಲಾಗದೆ ಮುಚ್ಚಿದವರೂ ಇದ್ದಾರೆ. ಒಳ್ಳೆಯ ಹೆಸರಿದ್ದ ಮಾಸ್ಟೋಡಾನ್ ಡಾಟ್ ಟೆಕ್ನಾಲಜಿ ಅನ್ನೋ ಸರ್ವರ್ 2022ರ ಕೊನೆಗೆ ನಿಂತುಹೋಯಿತು.

ಬರೀ ವಂತಿಗೆಯಿಂದ ನಡೆಯುತ್ತದಾ ಅಂತ ಅನುಮಾನ ಇದ್ದರೆ ವಿಕಿಪೀಡಿಯ ನೋಡಿ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಈ ಸಭೆಯಲ್ಲಿ ಅದನ್ನು ಓದದವರು ಯಾರೂ ಇರಲಿಕ್ಕಿಲ್ಲ. ಇವತ್ತಿನವರೆಗೂ ಅದರಲ್ಲಿ ಒಂದೇ ಒಂದು ಜಾಹೀರಾತು ಬಂದಿಲ್ಲ. ಆಗಾಗ ಮೇಲ್ಗಡೆ ದೇಣಿಗೆ ಕೊಡಿ ಅನ್ನೋ ಪಟ್ಟಿ ಬರುತ್ತದೆ. ನಾವು ಅದನ್ನು ಮುಚ್ಚಿ ಮುಂದೆ ಹೋಗುತ್ತೇವೆ. ಕೊಡುವವರು ಎಲ್ಲೋ ಇದ್ದಾರೆ, ಅದಕ್ಕೇ ನಮಗೆ ಸಿಗುತ್ತಿದೆ. ಗಣಪತಿ ಹಬ್ಬಕ್ಕೆ, ದುಗ್ಗಮ್ಮನ ಜಾತ್ರೆಗೆ ವಂತಿಗೆ ಕೊಟ್ಟು ಅಭ್ಯಾಸ ಇರುವ ಊರು ನಮ್ಮದು. ನಮ್ಮ ಮಾತಿನ ಜಾಗಕ್ಕೂ ತಿಂಗಳಿಗೆ ಐವತ್ತೋ ನೂರೋ ಕೊಡಬಹುದು ಅಂತ ನನ್ನ ನಂಬಿಕೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳು ಇವು.

ಬಟ್ಟೆ ವ್ಯಾಪಾರಿಯೊಬ್ಬರು ಎದ್ದು ನಿಂತು ಕೇಳಿದರು: "ಸಾರ್, ಎಲ್ಲರೂ ಅಲ್ಲಿಗೆ ಹೋಗಿಬಿಟ್ಟರೆ ನಮ್ಮಂಥ ಸಣ್ಣ ಅಂಗಡಿಯವರು ಏನು ಮಾಡಬೇಕು? ಪೇಪರ್‌ಗೆ ಕೊಡೋ ಅಷ್ಟು ದುಡ್ಡು ನಮ್ಮ ಹತ್ರ ಇಲ್ಲ. ಫೋನಿನಲ್ಲಾದರೆ ಕಡಿಮೆಗೆ ಆಗುತ್ತೆ."

ಇದು ನ್ಯಾಯವಾದ ಪ್ರಶ್ನೆ. ಸಣ್ಣ ಅಂಗಡಿಗೆ ಆ ಜಾಹೀರಾತಿನಿಂದ ಉಪಕಾರ ಆಗಿದೆ, ನಾನು ಇಲ್ಲ ಅನ್ನಲ್ಲ. ಮಾಸ್ಟೋಡಾನ್‌ನಲ್ಲೂ ನಿಮ್ಮ ಅಂಗಡಿ ಹೆಸರಲ್ಲಿ ಖಾತೆ ತೆರೆದು ಹೊಸ ಸೀರೆ ಬಂದಿದೆ ಅಂತ ಹಾಕಬಹುದು, ಸರ್ವರ್‌ನ ನಿಯಮ ಒಪ್ಪಿದರೆ. ಬೇಕು ಅಂದವರು ನಿಮ್ಮನ್ನು ಹಿಂಬಾಲಿಸುತ್ತಾರೆ. ದುಡ್ಡು ಕೊಟ್ಟು ಬೇಡದವರ ಮುಂದೆ ಹೋಗಿ ನಿಲ್ಲೋಕೆ ಆಗಲ್ಲ, ಅಷ್ಟೇ. ವ್ಯಾಪಾರ ಫೇಸ್‌ಬುಕ್‌ಗಿಂತ ಮಾಸ್ಟೋಡಾನ್‌ನಲ್ಲಿ ನಿಧಾನ, ಅದು ನಿಜ. ನಾಳೆಯೇ ಫೇಸ್‌ಬುಕ್ ಬಿಡಿ ಅಂತ ನಿಮಗೆ ಹೇಳೋ ಹಕ್ಕು ನನಗಿಲ್ಲ.

ಹೈಸ್ಕೂಲ್ ಶಿಕ್ಷಕಿಯೊಬ್ಬರು ಮಕ್ಕಳ ಬಗ್ಗೆ ಕೇಳಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಬೆನ್ನು ಹತ್ತಿ ನಡವಳಿಕೆ ಗಮನಿಸೋದನ್ನು, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸೋದನ್ನು ಆ ಕಾಯ್ದೆ ಬೇಡ ಅನ್ನುತ್ತದೆ. ಮಕ್ಕಳಿಗೆ ಬೇಡ ಅಂದದ್ದು ದೊಡ್ಡವರಿಗೆ ಹೇಗೆ ಸರಿ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ಇನ್ನು ಮಾಸ್ಟೋಡಾನ್‌ನಲ್ಲಿ ಜಾಹೀರಾತು ಇಲ್ಲ ಅಂದ ಮಾತ್ರಕ್ಕೆ ಅದು ಮಕ್ಕಳ ಜಾಗ ಅಲ್ಲ ಮೇಡಂ. ಅಲ್ಲೂ ಎಲ್ಲ ಥರದ ಜನ ಇದ್ದಾರೆ. ದೊಡ್ಡವರು ಜೊತೆಗಿರಬೇಕು.

ಕೊನೆಗೆ ಎಂಜಿನಿಯರಿಂಗ್ ಓದುವ ಹುಡುಗ: "ದಾವಣಗೆರೆಯಿಂದಲೇ ಒಂದು ಕನ್ನಡ ಸರ್ವರ್ ನಡೆಸಬಹುದಾ ಸಾರ್?"

ಖಂಡಿತ ನಡೆಸಬಹುದು. ಸರ್ವರ್ ಕೂರಿಸೋದು ನಿಮ್ಮಂಥವರಿಗೆ ಕಷ್ಟದ ಕೆಲಸ ಅಲ್ಲ. ಕೆಲವು ನೂರು ಜನರಿಗೆ ಸಾಕಾಗುವಷ್ಟು ಜಾಗವನ್ನು ತಿಂಗಳ ಬಾಡಿಗೆಗೆ ತೆಗೆದುಕೊಂಡರೆ ಆಯಿತು. ಫೋಟೊ, ವಿಡಿಯೊ ತುಂಬಿದ ಹಾಗೆ ಖರ್ಚು ಏರುತ್ತದೆ. ಅದಕ್ಕೆ ಮೊದಲೇ ಮಿತಿ ಹಾಕಿಕೊಳ್ಳಿ. ಲೆಕ್ಕವನ್ನು ಪ್ರತಿ ತಿಂಗಳು ಎಲ್ಲರಿಗೂ ಕಾಣೋ ಹಾಗೆ ಹಾಕಿ.

ಕಷ್ಟ ಇರೋದು ಬೇರೆ ಕಡೆ. ಯಾರೋ ಯಾರಿಗೋ ಕೆಟ್ಟದಾಗಿ ಬರೆಯುತ್ತಾರೆ. ಇನ್ಯಾರೋ ಒಬ್ಬ ಹುಡುಗಿಯ ಫೋಟೊ ಕೇಳದೆ ಹಾಕುತ್ತಾರೆ. ಆಗ ತಕ್ಷಣ ನೋಡಿ ತೆಗೆಯುವವರು ಬೇಕು. 2021ರ ಐಟಿ ನಿಯಮಗಳ ಪ್ರಕಾರ ಇಂಥ ತಾಣ ನಡೆಸುವವರು ಕುಂದುಕೊರತೆ ಅಧಿಕಾರಿಯ ಹೆಸರು ಪ್ರಕಟಿಸಬೇಕು. ದೂರು ಬಂದ 24 ಗಂಟೆಯೊಳಗೆ ಬಂದಿದೆ ಅಂತ ತಿಳಿಸಬೇಕು, 2026ರ ತಿದ್ದುಪಡಿ ಆದ ಮೇಲೆ 7 ದಿನದೊಳಗೆ ಇತ್ಯರ್ಥ ಮಾಡಬೇಕು, ಮೊದಲು 15 ದಿನ ಇತ್ತು. ಕೆಲವು ಥರದ ದೂರಿಗೆ ಗಡುವು ಇನ್ನೂ ಕಡಿಮೆ. ನಡೆಸುವವರು ಊರು ಬಿಟ್ಟರೆ, ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಆ ಜವಾಬ್ದಾರಿ ಯಾರಿಗೆ ಅಂತ ಶುರು ಮಾಡೋ ಮೊದಲೇ ಬರೆದಿಡಬೇಕು. ಒಬ್ಬರ ಹೆಗಲ ಮೇಲೆ ಹಾಕಿದರೆ ನಡೆಯಲ್ಲ. ಐದಾರು ಜನ ಪಾಳಿ ಹಾಕಿಕೊಂಡರೆ ನಡೆಯುತ್ತದೆ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಮನಸ್ಸಿರುವವರು ಹೆಸರು ಬರೆಯಿರಿ. ಕಂಪ್ಯೂಟರ್ ಗೊತ್ತಿರುವವರು ಹೇಗೂ ಸಿಗುತ್ತಾರೆ. ನನಗೆ ಅವರಿಗಿಂತ ಜಾಸ್ತಿ ಬೇಕಾಗಿರೋದು, ಕನ್ನಡ ಚೆನ್ನಾಗಿ ಓದುವ, ತಾಳ್ಮೆ ಇರುವ, ರಾತ್ರಿ ಹತ್ತು ಗಂಟೆಗೆ ಒಂದು ದೂರು ಬಂದರೆ ಎದ್ದು ನೋಡುವ ಜನ. ಅವರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಬೇಕು. ಹೆಸರು ಬಂದ ಮೇಲೆ ಒಂದು ಭಾನುವಾರ ಕೂತು ನಿಯಮ ಬರೆಯೋಣ, ಮೊದಲ ವರ್ಷದ ಖರ್ಚಿನ ಅಂದಾಜು ಹಾಕೋಣ.